ಕಾಂಡಕೊರಕವೂ ಒಲೆಯ ಸೌದೆಯೂ

ವಸ್ತಾರೆಯ ಸುತ್ತಣ ಅರೇಬಿಕಾ ತೋಟಗಳಿಗೆ ಬಿಳಿ ಕಾಂಡಕೊರಕದ ಹಾವಳಿ ಹೊಸದಲ್ಲ. ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭಗೊಂಡು ಇಂದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯೆನಿಸಿರುವ ಕೇಂದ್ರವು ಈ ಕೀಟದ ಬಾಳುವೆಯನ್ನು ಚೆನ್ನಾಗಿ ಅರಿತಿದೆ. ತಾಯಿ ದುಂಬಿಯು ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳುವು ತಿಂಗಳುಗಟ್ಟಲೆ ಕಾಂಡದೊಳಗಿದ್ದು ಕೊರೆಯುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಮತ್ತೊಮ್ಮೆ ದುಂಬಿಗಳು ಹೊರಬೀಳುತ್ತವೆ. ಅದಕ್ಕೆ ಮುನ್ನವೇ ರೋಗದ ಗಿಡವನ್ನು ಗುರುತಿಸಿ, ಕಿತ್ತು, ಸುಡಬೇಕು. ಶಾಸ್ತ್ರ ಇಷ್ಟೇ.

ಆದರೆ ಈ ಶಾಸ್ತ್ರವು ವಿಜ್ಞಾನಿಯಿಂದ ಮಾಲೀಕನಿಗೆ, ಮಾಲೀಕನಿಂದ ರೈಟರಿಗೆ, ರೈಟರಿಂದ ಮೇಸ್ತ್ರಿಗೆ ಇಳಿದು ಆಳಿನ ಕಿವಿಯನ್ನು ಮುಟ್ಟುವ ಹೊತ್ತಿಗೆ ‘ಗಿಡ ಕೀಳಿ’ ಎಂಬ ಎರಡೇ ಮಾತಾಗಿ ಉಳಿಯುತ್ತದೆ. ಕಾರಣವು ದಾರಿಯಲ್ಲಿಯೇ ಉದುರಿಹೋಗುತ್ತದೆ, ಅಪ್ಪಣೆ ಮಾತ್ರ ಬಂದು ಸೇರುತ್ತದೆ. ಕಾರಣವರಿಯದ ಹೆಣ್ಣುಮಗಳು ಆ ಗಿಡವನ್ನು ಒಳ್ಳೆಯ ಸೌದೆಯೆಂದು ಹೊತ್ತೊಯ್ದು ಲೈನುಮನೆಯ ಹಿಂದೆ ಒಟ್ಟಿದರೆ ತಪ್ಪು ಯಾರದು? ಅವಳ ಒಲೆಯೂ ಉರಿಯಬೇಕಲ್ಲವೆ! ಆ ರಾಶಿಯಿಂದಲೇ ದುಂಬಿಗಳು ಹೊರಟು ಉಳಿದ ಗಿಡಗಳನ್ನು ಅರಸುತ್ತವೆ. ಆಗ ‘ಹೇಳಿದರೆ ಅರ್ಥವಾಗದ ಜನ’ ಎಂಬ ನಿಂದೆ. ಹೇಳಿದವರಾದರೂ ಯಾರು? ಒಂದು ಕಾಂಡವನ್ನು ಸೀಳಿ, ಒಳಗಿನ ಹುಳುವನ್ನು ಅವಳ ಅಂಗೈಯಲ್ಲಿಟ್ಟು ತೋರಿಸಿದ್ದರೆ ಸಾಕಿತ್ತು. ಸೌದೆ ಬೇಕೇ ಬೇಕೆಂದಾದರೆ, ಕಾಂಡಗಳನ್ನು ವಾರಕ್ಕೂ ಮಿಕ್ಕು ನೀರಿನಲ್ಲಿ ಮುಳುಗಿಸಿ ಹುಳು ಸಾಯಿಸುವ ಉಪಾಯವೂ ಉಂಟು.

ಇದಕ್ಕೆ ವಿರುದ್ಧವಾದ ನಿದರ್ಶನವು ಅದೇ ತೋಟದಲ್ಲಿದೆ. ಎಲೆತುಕ್ಕಿನ ತಡೆಗೆ ಮೈಲುತುತ್ತ ಮತ್ತು ಸುಣ್ಣದಿಂದ ಬೋರ್ಡೋ ದ್ರಾವಣವನ್ನು ಕಲಸುವಾಗ ಹೊಳೆಯುವ ಚಾಕುವೊಂದನ್ನು ಅದ್ದಿ ನೋಡುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ರಸಾಯನಶಾಸ್ತ್ರದ ಪಾಠವೊಂದು ಇಲ್ಲಿ ಕೆಲಸಗಾರನ ಕೈಗೇ ಇಳಿದುಬಂದಿದೆ. ನೇಯುವ ದಾಸಿಮಯ್ಯ, ದೋಣಿ ನಡೆಸುವ ಚೌಡಯ್ಯ ಮೊದಲಾದ ಶರಣರ ನುಡಿಯೂ ಹೀಗೆಯೇ ಕಸುಬಿನೊಳಗಿಂದ ಹುಟ್ಟಿದುದಷ್ಟೆ.

ಇನ್ನೊಂದು ಮಾತನ್ನು ತಜ್ಞರು ಒಪ್ಪಬೇಕು. ಕಾಂಡದ ಮೇಲೆ ಎದ್ದ ಉಬ್ಬುಗೆರೆಯನ್ನೂ ಹಳದಿಗೆ ತಿರುಗಿದ ಎಲೆಯನ್ನೂ ಮೊದಲು ಕಾಣುವವಳು ದಿನವೂ ಗಿಡದ ಬುಡದಲ್ಲಿರುವ ಆಕೆಯೇ. ಆಕೆಯನ್ನು ಕೇಳುವ ಪದ್ಧತಿ ಮಾತ್ರ ಅಪರೂಪ. ಇದೀಗ ಅಸ್ಸಾಮಿನಿಂದ ಬಂದ ಕಾರ್ಮಿಕರೂ ಈ ತೋಟಗಳಲ್ಲಿ ದುಡಿಯುತ್ತಿದ್ದಾರೆ. ‘ಗಿಡ ಕೀಳಿ’ ಎಂಬ ಎರಡು ಮಾತೂ ಅವರಿಗೆ ಪರಭಾಷೆ. ಏಪ್ರಿಲ್ ಬರುವ ಮೊದಲು, ಬೆಳಗಿನ ಹಾಜರಿಯ ಹೊತ್ತಿನಲ್ಲಿ, ಮೇಸ್ತ್ರಿಯು ಎಲ್ಲರೆದುರು ಒಂದು ಕಾಂಡವನ್ನು ಸೀಳಲಿ.