"ಹಾಲು ಸಾಕಾಗತ್ತಾ?"

ಬಾಣಂತಿ ನೋಡೋಕೆ ಬಂದವರೆಲ್ಲ ಕೇಳೋದು ಇದನ್ನೇ. ಮಗು ಸ್ವಲ್ಪ ಅತ್ತರೆ ಸಾಕು, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯ ಶುರು... ಹಿಂದೆಯೇ ಪುಡಿ ಹಾಲಿನ ಡಬ್ಬಿ. ಸೊಪ್ಪಿನ ಮೇಲೆ ನನಗೇನೂ ಸಿಟ್ಟಿಲ್ಲ, ಊಟ ರುಚಿಯಾಗೇ ಇರತ್ತೆ. ಸಿಟ್ಟಿರೋದು ಅವಸರದ ಡಬ್ಬಿ ಮೇಲೆ.

ಮಗು ಚೀಪಿದಾಗ ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನು ಏರತ್ತೆ. ಎದೆ ಖಾಲಿಯಾದಷ್ಟೂ ಹೊಸ ಹಾಲು ಬೇಗ ತಯಾರಾಗತ್ತೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಪಕ್ಕಾ ಫೀಡ್‌ಬ್ಯಾಕ್ ಲೂಪ್. ಬಾಟಲಿಯಲ್ಲಿ ಹೊಟ್ಟೆ ತುಂಬಿದ ಮಗು ಎದೆ ಚೀಪಲ್ಲ, ಹಾಲು ನಿಜವಾಗ್ಲೂ ಕಡಿಮೆಯಾಗತ್ತೆ. ಆಮೇಲೆ "ನಾವು ಹೇಳಿರ್ಲಿಲ್ವಾ?" ಅಂತಾರೆ!

ರಾತ್ರಿ ಈ ಹಾರ್ಮೋನು ಇನ್ನೂ ಜಾಸ್ತಿ. ನಮ್ಮವರು "ಪಾಪ, ಮಲಗಲಿ" ಅಂತ ಅದೇ ಹೊತ್ತಲ್ಲಿ ಬಾಟಲಿ ಕೊಡ್ತಾರೆ. ಇನ್ನು ಬಾಣಂತಿಗೆ ನೀರು ಕೊಡದಿರೋ ಪದ್ಧತಿ! ಹೆಚ್ಚು ನೀರು ಕುಡಿದ್ರೆ ಹಾಲು ಉಕ್ಕಲ್ಲ ಸರಿ, ಆದ್ರೆ ಬಾಯಾರಿದವಳಿಗೆ ನೀರಿಲ್ಲ ಅನ್ನೋದು ಯಾವ ನ್ಯಾಯ?

ವಾರ ದಾಟಿದ ಮಗು ಎದೆಹಾಲು ಮಾತ್ರ ಕುಡಿದು, ದಿನಕ್ಕೆ ಆರು ಸಲವಾದ್ರೂ ಉಚ್ಚೆ ಮಾಡಿ, ತೂಕ ಏರುತ್ತಿದ್ರೆ ಹಾಲು ಸಾಲ್ತಿದೆ ಅಂತಲೇ ಲೆಕ್ಕ. ಇಲ್ಲಾಂದ್ರೆ ತಡಮಾಡದೆ ಡಾಕ್ಟರ ಹತ್ರ ಹೋಗಿ, ಮಗು ಎದೆಗೆ ಸರಿಯಾಗಿ ಬಾಯಿ ಹಾಕ್ತಿದೆಯಾ ಅಂತ ನೋಡಿಸಿ. ಥೈರಾಯ್ಡ್‌ನಂಥ ತೊಂದರೆಯಿಂದ ನಿಜಕ್ಕೂ ಹಾಲು ಕಡಿಮೆ ಇರೋರೂ ಇದ್ದಾರೆ. ಅವರು ಡಬ್ಬಿ ತಂದ್ರೆ ದಯವಿಟ್ಟು ಯಾರೂ ಮೂಗು ಮುರಿಯಬೇಡಿ.