ಚರ್ಚ್ ಗೇಟಿನ ಈಚೆ ಬದಿಯವರು ನಾವು

ಮಂಗಳೂರಿನಲ್ಲಿ ಯಾರಿಗಾದರೂ ಮನೆಯ ದಾರಿ ಹೇಳಬೇಕಾದರೆ ನಡುವೆ ಒಂದು ಚರ್ಚೋ, ದೈವಸ್ಥಾನವೋ, ಮಸೀದಿಯೋ ಬಂದೇ ಬರುತ್ತದೆ. ‘ಚರ್ಚ್ ದಾಟಿ ಎಡಕ್ಕೆ, ಎರಡನೇ ಗೇಟು.’ ಊಟದ ಪಾರ್ಸೆಲ್ ತರುವ ಹುಡುಗನಿಗೂ ಅದೇ, ಮದುವೆ ಕಾಗದ ಕೊಡಲು ಬರುವ ನೆಂಟರಿಗೂ ಅದೇ. ಚರ್ಚಿನ ಮೂರು ಹೊತ್ತಿನ ಗಂಟೆ ಕೇಳಿಯೇ ಸುತ್ತಲಿನ ಎಷ್ಟೋ ಮನೆಗಳಲ್ಲಿ ಅನ್ನಕ್ಕೆ ಇಡುವುದು, ದೀಪ ಹಚ್ಚುವುದು ನಡೆಯುತ್ತದೆ. ಇಷ್ಟು ಹತ್ತಿರ ಇದ್ದೂ ಆ ಚರ್ಚಿನ ಜನ ನಮಗೆ ಎಷ್ಟು ಗೊತ್ತು? ಅವರಿಗೆ ನಾವು ಎಷ್ಟು ಗೊತ್ತು?

ನಾನು ಕ್ರಿಶ್ಚಿಯನ್ ಅಲ್ಲ. ನಮ್ಮ ಮನೆ ಮಾತ್ರ ಒಂದು ಕೆಥೋಲಿಕ್ ಚರ್ಚಿನ ಕಾಂಪೌಂಡಿಗೆ ಒರಗಿಕೊಂಡೇ ಇದೆ. ನಾನು ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ಅಲ್ಲಿ ಅಮ್ಮ ಒಬ್ಬಳೇ. ಹಾಗಾಗಿ ಈ ವಿಷಯ ನನಗೆ ಬರೀ ಕುತೂಹಲದ್ದಲ್ಲ.

ಕೆಥೋಲಿಕ್ ಚರ್ಚಿನ ವ್ಯವಸ್ಥೆ ನೋಡಿದವರಿಗೆ ಗೊತ್ತಿರುತ್ತದೆ. ಚರ್ಚಿಗೆ ಸೇರಿದ ಪ್ರದೇಶವನ್ನು ವಾಳೆಗಳಾಗಿ ಹಂಚಿರುತ್ತಾರೆ, ವಾರ್ಡು ಅಂತ ಇಟ್ಟುಕೊಳ್ಳಿ. ಪ್ರತಿ ವಾಳೆಗೊಬ್ಬ ಗುರಿಕಾರ. ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರಿಗೆ ಹುಷಾರಿಲ್ಲ, ಯಾರ ಮಗ ಗಲ್ಫಿನಿಂದ ಕೆಲಸ ಬಿಟ್ಟು ಬಂದ, ಎಲ್ಲವೂ ಗುರಿಕಾರರಿಗೆ ತಿಳಿದಿರುತ್ತದೆ. ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಶನ್‌ಗಳಿಗೆ ಸಿದ್ಧಿಸದ ವಿದ್ಯೆ ಅದು. ಆದರೆ ಆ ಲೆಕ್ಕದಲ್ಲಿ ಬರುವುದು ಕೆಥೋಲಿಕ್ ಮನೆಗಳು ಮಾತ್ರ. ಅಂಥ ಎರಡು ಮನೆಗಳ ನಡುವೆ ಹತ್ತು ಬೇರೆ ಮನೆಗಳಿರುತ್ತವೆ. ಆ ಹತ್ತು ಮನೆಗಳಿಗೂ ಚರ್ಚಿಗೂ ಏನು ಸಂಬಂಧ?

ಜಾತ್ರೆಗೆ ಬರುವುದು ಬೇರೆ

ಸಂಬಂಧ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಜಾತ್ರೆಗೆ ಜನವರಿಯಲ್ಲಿ ಯಾವ ಧರ್ಮದವರು ಹೋಗುವುದಿಲ್ಲ ಹೇಳಿ? ಸೆಪ್ಟೆಂಬರ್ 8ರಂದು ಬೆಂಗಳೂರಿನ ಶಿವಾಜಿನಗರದ ಸೇಂಟ್ ಮೇರಿಸ್ ಬೆಸಿಲಿಕಾದ ಸುತ್ತ ಕಾಲಿಡಲು ಜಾಗ ಇರುವುದಿಲ್ಲ. ಸೀರೆ ಉಟ್ಟ ಮಾತೆಯ ಮುಂದೆ ಮೇಣದಬತ್ತಿ ಹಿಡಿದು ನಿಂತವರಲ್ಲಿ ಕುಂಕುಮ ಇಟ್ಟವರೂ ಇರುತ್ತಾರೆ, ಬುರ್ಖಾ ಹಾಕಿದವರೂ ಇರುತ್ತಾರೆ.

ಆದರೆ ಜನ ಚರ್ಚಿಗೆ ಬರುವುದು ಒಂದು, ಚರ್ಚು ಜನರ ಬಾಗಿಲಿಗೆ ಹೋಗುವುದು ಇನ್ನೊಂದು. ಜಾತ್ರೆಗೆ ಹೋದ ನಾವು ಹರಕೆ ಒಪ್ಪಿಸಿ, ಚರುಂಬುರಿ ತಿಂದು ಮನೆಗೆ ಬರುತ್ತೇವೆ. ಮರುದಿನ ಪಕ್ಕದ ಮನೆಯ ಬಾಯಮ್ಮನ ಕಾಲು ನೋವು ಹೇಗಿದೆ ಅಂತ ಕೇಳುವುದಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ.

ಬಾಗಿಲಿಗೆ ಹೋದ ಇತಿಹಾಸವೂ ನಮ್ಮ ಊರಿಗೆ ಉಂಟು. ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಬಂದದ್ದು ಧರ್ಮ ಪ್ರಚಾರಕ್ಕೆ, ಅದನ್ನು ಅವರು ಬಚ್ಚಿಡಲೂ ಇಲ್ಲ. ಮತಾಂತರ ಆದವರು ಇದ್ದ ಕಸುಬು ಕಳೆದುಕೊಂಡಾಗ ಅವರಿಗೆ ಕೆಲಸ ಬೇಕಿತ್ತು. ಹಾಗೆ ನೇಯ್ಗೆ ಬಂತು, 1865ರಲ್ಲಿ ಹೆಂಚಿನ ಕಾರ್ಖಾನೆ ಬಂತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟಿದ್ದೂ, ಕಿಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾಗಿದ್ದೂ ಇದೇ ಮಿಶನ್ನಿನಿಂದ. ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಹಂಚಲು ಶುರು ಮಾಡಿದರು. ಇವತ್ತಿನ ದೊಡ್ಡ ಆಸ್ಪತ್ರೆಯ ಬೇರು ಅಲ್ಲಿದೆ.

ಮಂಗಳೂರು ಹೆಂಚು ಕೊನೆಗೆ ಎಲ್ಲರ ಮಾಡಿಗೂ ಏರಿತು. ಅದರ ಕೆಳಗೆ ಯಾವ ದೇವರ ಫೋಟೋ ಇದೆ ಅಂತ ಹೆಂಚು ಕೇಳಲಿಲ್ಲ. ಆದರೂ ‘ಕೊಡುವುದರ ಹಿಂದೆ ಏನೋ ಉಂಟು’ ಅನ್ನುವ ಅನುಮಾನ ಮಾತ್ರ ಊರಿನಿಂದ ಪೂರ್ತಿ ಹೋಗಲಿಲ್ಲ.

ಬಾಗಿಲು ತೆಗೆಯುವ ಮುಂಚಿನ ಪ್ರಶ್ನೆ

ಈ ಅನುಮಾನವನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಮತಾಂತರದ ಆರೋಪ ಮುಂದಿಟ್ಟು ಮಂಗಳೂರಿನ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಗಳಾದವು. ಆಮೇಲೆ ನಮ್ಮ ಬದಿಯ ಚರ್ಚಿನ ಗೇಟಿಗೂ ಬೇಗ ಬೀಗ ಬೀಳತೊಡಗಿತು. ಮೊದಲು ಮಕ್ಕಳು ಸಂಜೆ ಕ್ರಿಕೆಟ್ ಆಡುತ್ತಿದ್ದ ಮೈದಾನ ಅದು. 2022ರಲ್ಲಿ ರಾಜ್ಯದಲ್ಲಿ ಮತಾಂತರ ತಡೆ ಕಾನೂನು ಬಂದಾಗಂತೂ ಒಂದು ಅಕ್ಕಿ ಚೀಲ ಕೊಡಲೂ ಚರ್ಚಿನವರು ಎರಡು ಸಲ ಯೋಚಿಸುವಂತಾಯಿತು. ತೆಗೆದುಕೊಳ್ಳುವವರೂ ಅಷ್ಟೇ. ‘ಇವರಿಂದ ತಗೊಂಡ್ರೆ ನಾಳೆ ಯಾರು ಏನು ಹೇಳ್ತಾರೋ’ ಅನ್ನುವ ಹೆದರಿಕೆ.

ಹೀಗೆ ಎರಡೂ ಕಡೆಯವರು ಜಾಗ್ರತೆ ಮಾಡುತ್ತಾ ಹೋದರೆ ಕೊನೆಗೆ ಉಳಿಯುವುದು ಗೋಡೆ ಮಾತ್ರ. ಗೋಡೆಯ ಈಚೆ ಒಬ್ಬಳೇ ಇರುವ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದರೆ, ಬೆಂಗಳೂರಿನಿಂದ ನಾನು ಬರಲು ಒಂದು ರಾತ್ರಿ ಬೇಕು. ಗೋಡೆಯ ಆಚೆಯವರಿಗೆ ಎರಡು ನಿಮಿಷ ಸಾಕು.

ಮೊದಲು ಪಾರ್ಕಿಂಗ್, ಆಮೇಲೆ ಪರೋಪಕಾರ

ನಮ್ಮ ಬದಿಯ ಚರ್ಚು ಈ ಗಂಟನ್ನು ಬಿಚ್ಚಲು ಹೊರಟ ರೀತಿ ನನಗೆ ಇಷ್ಟವಾಯಿತು. ಅವರು ಕಿಟ್ ಹಿಡಿದುಕೊಂಡು ಬರಲಿಲ್ಲ. ಪಾಲನಾ ಪರಿಷತ್ತಿನ ಇಬ್ಬರು ಮನೆಮನೆಗೆ ಬಂದು ಕೇಳಿದ್ದು ಒಂದೇ ಮಾತು: “ಅಕ್ಕಾ, ಚರ್ಚಿನಿಂದ ನಿಮಗೆ ಏನಾದ್ರೂ ತೊಂದರೆ ಉಂಟಾ?”

ಉಂಟು! ಎಲ್ಲರೂ ಒಂದೇ ಬಾಯಲ್ಲಿ ಹೇಳಿದ್ದು ಭಾನುವಾರದ ಪಾರ್ಕಿಂಗ್. ಪೂಜೆಗೆ ಬಂದವರ ಕಾರುಗಳು ಓಣಿಯ ಎರಡೂ ಬದಿ ನಿಂತರೆ ನಮ್ಮ ಸ್ಕೂಟರ್ ಹೊರಗೆ ಬರುವುದಿಲ್ಲ. ಎರಡನೆಯದು ಹಬ್ಬದ ದಿನಗಳ ಮೈಕು. ಎದುರುಮನೆಯಲ್ಲಿ ಪಾರ್ಶ್ವವಾಯು ಆಗಿ ಮಲಗಿದ್ದ ಅಜ್ಜನಿಗೆ ಅದು ನಿಜಕ್ಕೂ ಹಿಂಸೆ. ಮುಂದಿನ ತಿಂಗಳಿನಿಂದ ಕಾರುಗಳು ಶಾಲೆಯ ಮೈದಾನಕ್ಕೆ ಹೋದವು, ಓಣಿಯ ಬಾಯಿಯಲ್ಲಿ ಯುವಜನ ಸಂಘದ ಇಬ್ಬರು ಹುಡುಗರು ಸೀಟಿ ಹಿಡಿದು ನಿಂತರು. ಮೈಕಿನ ಮುಖ ಒಳಗೆ ತಿರುಗಿತು. ಇದರಲ್ಲಿ ದಾನವೂ ಇಲ್ಲ, ಧರ್ಮವೂ ಇಲ್ಲ. ಆದರೆ ಓಣಿಯ ಜನ ಚರ್ಚಿನವರನ್ನು ನೋಡಿ ನಗಲು ಶುರು ಮಾಡಿದ್ದು ಅವತ್ತಿನಿಂದ.

ಎರಡನೇ ಕೆಲಸ ನೀರಿನದ್ದು. ಮಂಗಳೂರಿಗೆ ನೀರು ಬರುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ. ಮಳೆ ತಡವಾದರೆ ಮೇ ತಿಂಗಳಲ್ಲಿ ಪಾಲಿಕೆ ನೀರು ಬಿಡುವ ದಿನಗಳನ್ನು ಕಡಿಮೆ ಮಾಡುತ್ತದೆ. 2019ರಲ್ಲಿ ಹಾಗೇ ಆಯಿತು. ಚರ್ಚಿನ ಬಾವಿ ಹಳೆಯದು, ಒರತೆ ಚೆನ್ನಾಗಿದೆ. ಅವರು ಪೈಪು ಎಳೆದು ಕಾಂಪೌಂಡಿನ ಹೊರಗೋಡೆಗೆ ಎರಡು ನಳ್ಳಿ ಹಾಕಿದರು. ಹೊರಗೋಡೆಗೆ ಅನ್ನುವುದು ಮುಖ್ಯ. ನೀರು ಹಿಡಿಯಲು ಯಾರೂ ಗೇಟು ದಾಟಬೇಕಾಗಿಲ್ಲ, ಯಾರನ್ನೂ ಕೇಳಬೇಕಾಗಿಲ್ಲ. ನಳ್ಳಿಯ ಪಕ್ಕದಲ್ಲಿ ಬೈಬಲ್ ವಾಕ್ಯದ ಬೋರ್ಡೂ ಇಲ್ಲ. ‘ನೀರು ಪೋಲು ಮಾಡಬೇಡಿ’ ಅಂತ ಬರೆದಿದ್ದಾರೆ, ಅಷ್ಟೇ.

ಕೇಳಿದರೆ ಮಾತ್ರ ಪ್ರಾರ್ಥನೆ

ಮೂರನೆಯದು ನನ್ನ ಮನೆಯೊಳಗೇ ಬಂತು. 1833ರಲ್ಲಿ ಪ್ಯಾರಿಸಿನಲ್ಲಿ ಕೆಲವು ವಿದ್ಯಾರ್ಥಿಗಳು ಸೇರಿ ಶುರು ಮಾಡಿದ ಸಂತ ವಿನ್ಸೆಂಟ್ ದೆ ಪೌಲ್ ಸಭೆ ಅಂತ ಒಂದಿದೆ. ಕೆಥೋಲಿಕ್ ಚರ್ಚುಗಳಲ್ಲಿ ಅದರ ಘಟಕಗಳಿರುತ್ತವೆ. ಸದಸ್ಯರು ಇಬ್ಬಿಬ್ಬರಾಗಿ ಕಷ್ಟದಲ್ಲಿರುವವರ ಮನೆಗೆ ಹೋಗುವುದು ಅದರ ಮೂಲ ಕೆಲಸ. ನಮ್ಮ ಬದಿಯ ಘಟಕದವರು ತಮ್ಮ ಭೇಟಿಯ ಪಟ್ಟಿಗೆ, ಮಕ್ಕಳು ಪರವೂರಿನಲ್ಲಿರುವ ಎಲ್ಲ ಹಿರಿಯರ ಮನೆಗಳನ್ನೂ ಸೇರಿಸಿಕೊಂಡರು. ಜಾತಿ-ಧರ್ಮ ನೋಡಲಿಲ್ಲ. ನೋಡಿದ್ದು ರಾತ್ರಿ ಆ ಮನೆಯಲ್ಲಿ ಎಷ್ಟು ಜನ ಇರುತ್ತಾರೆ ಅಂತ.

ನಿವೃತ್ತ ಟೀಚರ್ ಬಾಯಮ್ಮ ಒಬ್ಬರು, ಕಾಲೇಜು ಹುಡುಗಿ ಒಬ್ಬಳು, ಹದಿನೈದು ದಿನಕ್ಕೊಮ್ಮೆ ಅಮ್ಮನ ಹತ್ತಿರ ಬರುತ್ತಾರೆ. ಬಿಪಿ ಮಾತ್ರೆ ಮುಗಿದಿದೆಯಾ ನೋಡುತ್ತಾರೆ. ನವೆಂಬರ್ ಬಂದರೆ ಪಿಂಚಣಿಯ ಜೀವಂತ ಪ್ರಮಾಣಪತ್ರವನ್ನು ಮೊಬೈಲಿನಲ್ಲಿ ಮಾಡಿಕೊಡುವುದು ಆ ಹುಡುಗಿಯ ಕೆಲಸ. ಗ್ಯಾಸ್ ಬುಕ್ಕಿಂಗು, ಕರೆಂಟ್ ಬಿಲ್ಲು, ‘ಲೋನ್ ಬೇಕಾ ಅಂತ ಬಂದ ಮೆಸೇಜ್ ಒತ್ತಬೇಡಿ ಆಂಟಿ’ ಅನ್ನುವ ಪಾಠ. ಒಂದು ದಿನ ಅಮ್ಮನೇ ಕೇಳಿದಳಂತೆ, “ಅಲ್ಲ ಬಾಯಮ್ಮ, ನೀವು ಬಂದವರು ಪ್ರಾರ್ಥನೆ ಮಾಡುವುದಿಲ್ವಾ?”

“ನೀವು ಹೇಳಿದ್ರೆ ಮಾತ್ರ. ನಮ್ಮ ಫಾದರ್ ಹಾಗೇ ಹೇಳಿದ್ದಾರೆ” ಅಂತ ಉತ್ತರ.

ಅಮ್ಮ ಇಲ್ಲಿಯವರೆಗೆ ಹೇಳಿಲ್ಲ. ಅವರೂ ಮಾಡಿಲ್ಲ. ಬರುವುದು ನಿಲ್ಲಿಸಿಯೂ ಇಲ್ಲ. ಅನುಮಾನಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಎಲ್ಲರೂ ಒಪ್ಪಿದರು ಅಂತ ತಿಳಿಯಬೇಡಿ. ಓಣಿಯ ಎರಡು ಮನೆಯವರು ‘ನಮಗೆ ಬೇಡ’ ಅಂದರು. ಆ ಮನೆಗಳ ಬೆಲ್ಲನ್ನು ಅವರು ಮತ್ತೆ ಒತ್ತಲಿಲ್ಲ. ಚರ್ಚಿನ ಒಳಗೂ ಕೊಸರಾಟ ಇತ್ತಂತೆ. ‘ನಮ್ಮ ವಾಳೆಯ ಬಡವರಿಗೇ ಕಾಣಿಕೆ ದುಡ್ಡು ಸಾಲುವುದಿಲ್ಲ, ಇನ್ನು ಹೊರಗಿನವರಿಗೆ ಎಲ್ಲಿಂದ?’ ಅಂತ. ಅದೂ ನ್ಯಾಯದ ಪ್ರಶ್ನೆಯೇ. ಆದರೆ ಲೆಕ್ಕ ಹಾಕಿ ನೋಡಿದರೆ ಈ ಮೂರು ಕೆಲಸಗಳಿಗೆ ಖರ್ಚಾದದ್ದು ಪೈಪಿನ ದುಡ್ಡು, ಪಂಪಿನ ಕರೆಂಟು, ಉಳಿದದ್ದೆಲ್ಲ ಸಮಯ.

ಅಮ್ಮನ ಲೆಕ್ಕ ಸರಿಯಾದದ್ದು

ಇಷ್ಟರಲ್ಲೇ ನಿಲ್ಲಿಸಿದರೆ ಇದು ಚರ್ಚಿನ ಹೊಗಳಿಕೆ ಆಗುತ್ತದೆ. ನಾನು ಹೇಳಬೇಕೆಂದಿರುವುದು ಮುಂದಿನದ್ದು.

ಅಮ್ಮನಿಗೆ ಒಳಗೊಳಗೇ ಒಂದು ಕಿರಿಕಿರಿ ಇತ್ತು. ‘ಅವರು ಬರ್ತಾರೆ, ಮಾಡಿಕೊಡ್ತಾರೆ, ನಾನು ಸುಮ್ಮನೆ ಕೂತು ಮಾಡಿಸಿಕೊಳ್ಳಬೇಕು’ ಅಂತ ಫೋನಿನಲ್ಲಿ ಹೇಳುತ್ತಿದ್ದಳು. ಒಂದು ಲೋಟ ಚಹಾದಿಂದ ಆ ಭಾರ ಇಳಿಯುವಂಥದ್ದಲ್ಲ. ನಮ್ಮ ಕಡೆ ಪಕ್ಕದ ಮನೆಯ ಪಾತ್ರೆ ಬಂದರೆ ಖಾಲಿ ಕಳಿಸುವ ಕ್ರಮ ಇಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಬೆಲ್ಲವಾದರೂ ಹಾಕಬೇಕು.

ಸೆಪ್ಟೆಂಬರ್ 8ಕ್ಕೆ ಕರಾವಳಿಯ ಕೆಥೋಲಿಕರಿಗೆ ಮೊಂತಿ ಫೆಸ್ತ್. ಮಾತೆ ಮರಿಯಳ ಹುಟ್ಟುಹಬ್ಬವೂ ಹೌದು, ಹೊಸ ತೆನೆಯ ಹಬ್ಬವೂ ಹೌದು. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮಾತೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವಾದ ಮಾಡಿದ ಭತ್ತದ ತೆನೆಯನ್ನು ಮನೆಗೆ ಒಯ್ದು, ಹೊಸ ಅಕ್ಕಿಯ ಕಾಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರೂ ಕುಡಿದು, ಬಾಳೆಲೆಯಲ್ಲಿ ಸಸ್ಯಾಹಾರದ ಊಟ ಮಾಡುತ್ತಾರೆ. ನಮ್ಮ ತುಳುನಾಡಿನ ಹಿಂದೂ ಮನೆಗಳಲ್ಲಿ ತೆನೆ ತಂದು ಬಾಗಿಲಿಗೆ ಕಟ್ಟಿ, ಹೊಸ ಅಕ್ಕಿ ಊಟ ಮಾಡುವುದಿಲ್ಲವೇ? ಗದ್ದೆ ಒಂದೇ, ತೆನೆ ಒಂದೇ.

ಆದರೆ ಈಗ ಪೇಟೆಯ ಮಕ್ಕಳು ಹೂ ಎಲ್ಲಿಂದ ತರಬೇಕು? ಫ್ಲ್ಯಾಟಿನಲ್ಲಿ ಹೂವಿನ ಗಿಡ ಎಲ್ಲಿದೆ? ನಮ್ಮ ಹಿತ್ತಲಲ್ಲಿ ದಾಸವಾಳ, ಗೊರಟೆ, ಶಂಖಪುಷ್ಪ, ಅಬ್ಬಲಿಗೆ ಎಲ್ಲ ಇದೆ. ಆ ಟೀಚರ್ ಬಾಯಮ್ಮನೇ ಸಂಕೋಚದಿಂದ ಕೇಳಿದರು, “ವಾಳೆಯ ಮಕ್ಕಳಿಗೆ ಸ್ವಲ್ಪ ಹೂ ಕೊಡಬಹುದಾ?”

ಅಮ್ಮನ ಖುಷಿ ನೀವು ನೋಡಬೇಕಿತ್ತು. ಒಂಬತ್ತು ದಿನವೂ ಬೆಳಿಗ್ಗೆ ಮಕ್ಕಳ ಸಾಲು. ಯಾವ ಗಿಡದಿಂದ ಎಷ್ಟು ಕೊಯ್ಯಬೇಕು, ಮೊಗ್ಗು ಯಾಕೆ ಮುಟ್ಟಬಾರದು ಅಂತ ಅಮ್ಮನ ಕ್ಲಾಸು. ಹಿಂದಿನ ಬೀದಿಯಲ್ಲಿ ಇನ್ನೂ ಗದ್ದೆ ಉಳಿಸಿಕೊಂಡಿರುವ ಅಣ್ಣ ಒಬ್ಬರು ತೆನೆಯನ್ನೂ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಹಬ್ಬದ ದಿನ ಮಕ್ಕಳು ಕಬ್ಬಿನ ತುಂಡು, ಪಾಯಸ ತಂದುಕೊಟ್ಟರು. ಆ ರಾತ್ರಿ ಫೋನಿನಲ್ಲಿ ಅಮ್ಮ ಹೇಳಿದ ಮಾತು: “ಈಗ ಲೆಕ್ಕ ಸರಿ ಆಯ್ತು ನೋಡು.”

ನೆರೆಹೊರೆಗೆ ಕೈ ಚಾಚುವುದು ಅಂದರೆ ಕೊಡುವುದು ಅಂತಲೇ ನಾವು ತಿಳಿದಿದ್ದೇವೆ. ಕೊಡುವ ಕೈ ಯಾವಾಗಲೂ ಒಂದೇ ಆದರೆ ತೆಗೆದುಕೊಳ್ಳುವವರಿಗೆ ಋಣ ಹೆಚ್ಚುತ್ತದೆ, ಋಣದ ಜೊತೆ ಅನುಮಾನವೂ. ಕೇಳಿ ಪಡೆಯುವುದನ್ನೂ ಕಲಿತ ದಿನ ಚರ್ಚು ನಮ್ಮ ಓಣಿಯ ಒಂದು ಮನೆ ಆಯಿತು.

ನಿಮ್ಮಲ್ಲಿ ಚರ್ಚಿನ ಯುವಜನ ಸಂಘದಲ್ಲಿರುವವರು ಇದ್ದರೆ, ಅಥವಾ ದೇವಸ್ಥಾನದ ಸಮಿತಿಯಲ್ಲೋ ಮಸೀದಿಯ ಕಮಿಟಿಯಲ್ಲೋ ಇದ್ದರೆ, ಈಚೆ ಬದಿಯವಳ ನಾಲ್ಕು ಮಾತು. ಏನು ಬೇಕು ಅಂತ ಕೇಳುವ ಮುಂಚೆ ಏನು ತೊಂದರೆ ಅಂತ ಕೇಳಿ. ಹಬ್ಬದ ದಿನ ಬಿಟ್ಟು ಜೂನ್-ಜುಲೈಯ ಸಾದಾ ಮಂಗಳವಾರವೂ ಬನ್ನಿ. ಕೊಡುವಾಗ ಫೋಟೋ ತೆಗೆಯಬೇಡಿ, ಸ್ಟೇಟಸ್‌ಗೆ ಹಾಕಬೇಡಿ. ಮತ್ತೆ, ನಮ್ಮ ಹತ್ತಿರ ಏನಾದರೂ ಕೇಳಿ. ಹೂವಾದರೂ ಸರಿ, ಏಣಿಯಾದರೂ ಸರಿ.

ಈ ವರ್ಷ ಚರ್ಚಿನ ಹಿಂದಿನ ಬಾಡಿಗೆ ಕೋಣೆಗಳಲ್ಲಿ ಉತ್ತರದಿಂದ ಕೆಲಸಕ್ಕೆ ಬಂದ ಹುಡುಗರು ತುಂಬಿದ್ದಾರೆ. ಅವರಿಗೆ ಕನ್ನಡವೂ ಬಾರದು, ತುಳುವೂ ಬಾರದು. ಭಾನುವಾರ ಮಧ್ಯಾಹ್ನ ಅವರಿಗೆ ಕನ್ನಡ ಕಲಿಸಲು ಚರ್ಚಿನ ಹಾಲ್ ಕೊಡುತ್ತಾರಂತೆ. ಕಲಿಸುವವರು ಯಾರು ಅಂತ ಕೇಳಿದೆ.

“ನಾನೇ” ಅಂದಳು ಅಮ್ಮ. “ಬರುವಾಗ ಅಲ್ಲಿಂದ ನಾಲ್ಕು ಕಾಗುಣಿತದ ಪುಸ್ತಕ ತಾ.”