ಗಾಡಿ ನಿಲ್ಲಿಸುವ ಜಾಗ ಯಾರದು? ಸೊಲ್ಲಾಪುರದ ಮನೆಯವರು ಕಾಗದಪತ್ರ ನೋಡಿಕೊಳ್ಳುವ ಹೊತ್ತು

2025ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಸಾರಿಗೆ ಸಚಿವ ಪ್ರತಾಪ ಸರನಾಯಿಕ ಅವರು ಒಂದು ಘೋಷಣೆ ಮಾಡಿದರು. ಹೊಸ ಕಾರು ಕೊಳ್ಳುವವರು ಅದನ್ನು ನಿಲ್ಲಿಸಲು ಜಾಗವಿದೆ ಎಂಬ ಪ್ರಮಾಣಪತ್ರವನ್ನು ಸ್ಥಳೀಯ ಸಂಸ್ಥೆಯಿಂದ ತರದಿದ್ದರೆ ನೋಂದಣಿ ಇಲ್ಲ ಎಂಬುದು ಅದರ ಸಾರ. ಮುಂಬಯಿ ಮಹಾನಗರ ಪ್ರದೇಶದ ಪಾರ್ಕಿಂಗ್ ಚರ್ಚೆಯಲ್ಲಿ ಬಂದ ಮಾತು ಅದು. ಸೊಲ್ಲಾಪುರದಲ್ಲಿ ಹಲವರು ‘ಅದು ಮುಂಬಯಿಯವರ ತಲೆನೋವು’ ಎಂದು ಬಿಟ್ಟುಬಿಟ್ಟರು. ಹಾಗೆ ಬಿಡುವಂಥದ್ದಲ್ಲ ಎಂಬುದು ಈ ಬರಹದ ಅಭಿಪ್ರಾಯ.

ಘೋಷಣೆಯಾದ ಮಾತ್ರಕ್ಕೆ ಕಾನೂನಾಗುವುದಿಲ್ಲ, ನಿಜ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ನೋಂದಣಿಗೆ ವಿಳಾಸದ ದಾಖಲೆ, ವಿಮೆ, ಮಾರಾಟದ ಪತ್ರ ಇವನ್ನೆಲ್ಲ ಕೇಳಿದೆ, ಪಾರ್ಕಿಂಗ್ ಜಾಗದ ದಾಖಲೆಯನ್ನು ಕೇಳಿಲ್ಲ. ಜಪಾನಿನಲ್ಲಿ 1962ರಿಂದಲೇ ಇಂಥ ಕಾನೂನಿದೆ. ಮನೆಯಿಂದ 2 ಕಿಲೋಮೀಟರಿನೊಳಗೆ ಜಾಗ ತೋರಿಸಿ ಪೊಲೀಸರಿಂದ ಪ್ರಮಾಣಪತ್ರ ಪಡೆಯಬೇಕು. ನಮ್ಮಲ್ಲಿ ಇದು ಯಾವಾಗ, ಯಾವ ರೂಪದಲ್ಲಿ ಬರಲಿ, ಬಂದ ದಿನ ಮೊದಲು ಏಳುವ ಪ್ರಶ್ನೆ ಒಂದೇ: ನಿಮ್ಮ ಗಾಡಿ ನಿಲ್ಲುವ ಜಾಗ ನಿಮ್ಮದು ಎನ್ನುವುದಕ್ಕೆ ಕಾಗದ ಎಲ್ಲಿದೆ?

ಜುಳೆ ಸೊಲ್ಲಾಪುರ, ವಿಜಾಪುರ ರಸ್ತೆ, ಹೋಟಗಿ ರಸ್ತೆಯ ಕಡೆ ಫ್ಲ್ಯಾಟು ಕೊಂಡ ನಮ್ಮ ಕುಟುಂಬಗಳು ಸಾಕಷ್ಟಿವೆ. ಫ್ಲ್ಯಾಟಿನ ಬೆಲೆಯ ಮೇಲೆ ‘ಪಾರ್ಕಿಂಗಿನದು ಬೇರೆ’ ಎಂದು ಬಿಲ್ಡರನಿಗೆ ರೊಕ್ಕ ಕೊಟ್ಟವರೂ ಇದ್ದಾರೆ. ಕೆಲವರ ಕೈಯಲ್ಲಿ ರಸೀದಿ ಇದೆ, ಕೆಲವರಿಗೆ ಕಂಬದ ಮೇಲೆ ಬರೆದ ನಂಬರೇ ದಾಖಲೆ. ಇದರ ಬೆಲೆ ಎಷ್ಟು ಎಂಬುದು ಕಟ್ಟಡ ಯಾವ ಕಾಲದ್ದು ಎನ್ನುವುದರ ಮೇಲೆ ನಿಂತಿದೆ.

ಹಳೆಯ ಕಟ್ಟಡಗಳ ಮಾತು ಮೊದಲು. 1963ರ ಮಹಾರಾಷ್ಟ್ರ ಫ್ಲ್ಯಾಟು ಮಾಲೀಕತ್ವ ಕಾಯಿದೆಯಡಿ ಮಾರಾಟವಾದ ಕಟ್ಟಡಗಳ ಬಗ್ಗೆ ಸುಪ್ರೀಂ ಕೋರ್ಟು 2010ರ ಆಗಸ್ಟ್ 31ರಂದು ತೀರ್ಪು ಕೊಟ್ಟಿದೆ. ಮುಂಬಯಿಯ ದಹಿಸರದ ಪಾಂಚಾಲಿ ಸೊಸೈಟಿಯ ಮೇಲೆ ನಹಾಲ್‌ಚಂದ್ ಲಾಲೂಚಂದ್ ಎಂಬ ಬಿಲ್ಡರ್ ಸಂಸ್ಥೆ ಹೂಡಿದ್ದ ದಾವೆ ಅದು. ಕಂಬಗಳ ನಡುವೆ ಕಟ್ಟಡದ ಕೆಳಗೆ ಬಿಡುವ ಜಾಗ, ಅಂದರೆ ಸ್ಟಿಲ್ಟ್ ಪಾರ್ಕಿಂಗ್, ‘ಗ್ಯಾರೇಜು’ ಅಲ್ಲ. ಅದು ಎಲ್ಲ ಫ್ಲ್ಯಾಟಿನವರಿಗೂ ಸೇರಿದ ಸಾಮಾನ್ಯ ಜಾಗ. ಬಿಲ್ಡರನು ಅದನ್ನು ಬೇರೆಯಾಗಿ ಮಾರುವಂತಿಲ್ಲ ಎಂದು ಕೋರ್ಟು ಹೇಳಿತು. ಆದ್ದರಿಂದ ಆ ಕಾಲದ ಕಟ್ಟಡದಲ್ಲಿ ‘ನಾನು ರೊಕ್ಕ ಕೊಟ್ಟು ಕೊಂಡಿದ್ದೇನೆ’ ಎಂದು ಸರಪಳಿ ಹಾಕಿಕೊಂಡು ಕೂತವರ ಹಕ್ಕು ಅಂದುಕೊಂಡಷ್ಟು ಗಟ್ಟಿಯಲ್ಲ.

ಆ ಜಾಗ ಹಂಚುವುದು ಸೊಸೈಟಿಯ ಕೆಲಸ. ಮಹಾರಾಷ್ಟ್ರದ ಸಹಕಾರಿ ಗೃಹನಿರ್ಮಾಣ ಸೊಸೈಟಿಗಳ ಮಾದರಿ ಉಪವಿಧಿಗಳ ಪ್ರಕಾರ ಸಾಮಾನ್ಯವಾಗಿ ಒಬ್ಬ ಸದಸ್ಯನಿಗೆ ಒಂದೇ ಜಾಗ. ಗಾಡಿ ಹೆಚ್ಚಾಗಿ ಜಾಗ ಸಾಲದಿದ್ದರೆ ವರ್ಷಕ್ಕೊಮ್ಮೆ ಚೀಟಿ ಎತ್ತಿ ಹಂಚಬೇಕು. ಎಷ್ಟು ಸೊಸೈಟಿಗಳಲ್ಲಿ ಚೀಟಿ ಎತ್ತುತ್ತಾರೆ ಎಂದು ಕೇಳಿದರೆ ಚೇರ್ಮನ್ನರು ನಗುತ್ತಾರೆ. ಮೊದಲು ಬಂದವರು ಹಿಡಿದ ಜಾಗ ಮೊಮ್ಮಕ್ಕಳ ತನಕ ನಡೆದುಬರುತ್ತದೆ! ಸೊಸೈಟಿಯಾಗದೆ 1970ರ ಅಪಾರ್ಟ್‌ಮೆಂಟ್ ಕಾಯಿದೆಯಡಿ ಡೀಡ್ ಆದ ಕಟ್ಟಡದವರು ಮೂಲ ಘೋಷಣಾಪತ್ರ ತೆಗೆದು ನೋಡಬೇಕು. ಯಾವ ಜಾಗ ಎಲ್ಲರದು, ಯಾವುದು ಕೆಲವು ಫ್ಲ್ಯಾಟುಗಳಿಗಷ್ಟೇ ಮೀಸಲು ಎಂದು ಅದರಲ್ಲಿ ಬರೆದಿರುತ್ತದೆ.

ಹೊಸ ಕಟ್ಟಡಗಳ ಲೆಕ್ಕ ಬೇರೆ, ಇಲ್ಲಿಯೇ ಜನ ಗೊಂದಲ ಮಾಡಿಕೊಳ್ಳುವುದು. ರೇರಾ ಕಾಯಿದೆ 2017ರ ಮೇ 1ರಿಂದ ಪೂರ್ತಿಯಾಗಿ ಜಾರಿಗೆ ಬಂತು. ಅದರ ಪ್ರಕಾರ ಮೇಲೆ ಚಾವಣಿ ಇಲ್ಲದ ತೆರೆದ ಪಾರ್ಕಿಂಗ್ ಸಾಮಾನ್ಯ ಜಾಗ, ಅದಕ್ಕೆ ಬಿಲ್ಡರನು ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವಂತಿಲ್ಲ. 2021ರಲ್ಲಿ ಮಹಾರೇರಾ ಸುತ್ತೋಲೆ ಹೊರಡಿಸಿ ಇದನ್ನೇ ಮತ್ತೆ ಸ್ಪಷ್ಟಪಡಿಸಿತು. ಆದರೆ ಮುಚ್ಚಿದ ಪಾರ್ಕಿಂಗ್ ಅನ್ನು ಬೆಲೆ ಹಾಕಿ ಕೊಡಬಹುದು, ಮಹಾರಾಷ್ಟ್ರದ ನಿಯಮದಲ್ಲಿ ಸ್ಟಿಲ್ಟ್ ಕೂಡ ಈ ಗುಂಪಿಗೇ ಸೇರುತ್ತದೆ. ಹೀಗಾಗಿ 2010ರ ತೀರ್ಪನ್ನು ಹಿಡಿದುಕೊಂಡು ಹೊಸ ರೇರಾ ಕಟ್ಟಡದಲ್ಲಿ ವಾದಿಸಲು ಹೋದರೆ ನಿಲ್ಲುವುದಿಲ್ಲ. ಅಲ್ಲಿ ನೋಡಬೇಕಾದ್ದು ಕರಾರುಪತ್ರವನ್ನು. ಪಾರ್ಕಿಂಗ್ ಜಾಗದ ನಂಬರು, ಉದ್ದ, ಅಗಲ, ಎತ್ತರ, ಅದು ಎಲ್ಲಿದೆ ಎಂಬುದು ಮಾರಾಟದ ಕರಾರಿನಲ್ಲೇ ಇರಬೇಕೆಂದು ಮಹಾರೇರಾ 2024ರಲ್ಲಿ ಕಡ್ಡಾಯ ಮಾಡಿದೆ. ಇದು ಬಂದದ್ದು ಸುಮ್ಮನೆ ಅಲ್ಲ. ಕಾರು ಒಳಗೆ ಹೋದರೂ ಬಾಗಿಲು ತೆಗೆದು ಇಳಿಯಲು ಬಾರದಂಥ ಜಾಗಗಳನ್ನು ಮಾರಿದ ದೂರುಗಳು ಬಂದಿದ್ದವು.

ನಕಾಶೆಯಲ್ಲಿ ಪಾರ್ಕಿಂಗ್ ಎಂದು ತೋರಿಸಿ ಮಂಜೂರಿ ಪಡೆದು, ಆಮೇಲೆ ಶಟರ್ ಹಾಕಿ ಅಂಗಡಿ ಬಾಡಿಗೆಗೆ ಕೊಟ್ಟ ಮಾಲೀಕರೂ ನಮ್ಮಲ್ಲಿದ್ದಾರೆ. ಅದು 1966ರ ನಗರ ರಚನೆ ಕಾಯಿದೆಯಡಿ ಅನಧಿಕೃತ ಬದಲಾವಣೆ. ಮಹಾನಗರಪಾಲಿಕೆ ನೋಟೀಸು ಕೊಟ್ಟು ಮೊದಲಿನಂತೆ ಮಾಡಿಸಬಹುದು. ಬಾಡಿಗೆ ಬರುತ್ತಿರುವ ತನಕ ಇದು ಯಾರಿಗೂ ನೆನಪಾಗುವುದಿಲ್ಲ.

ಇನ್ನು ಬೀದಿ. ಸ್ವಂತ ಮನೆ ಇದ್ದವರಲ್ಲಿ ಬೇರು ಬಿಟ್ಟ ನಂಬಿಕೆ ಒಂದಿದೆ: ಮನೆಯ ಮುಂದಿನ ರಸ್ತೆ ಮನೆಯವರದು. ಕಲ್ಲು ಇಡುವುದು, ಹೂಕುಂಡ ಸಾಲಾಗಿಡುವುದು, ‘ನೋ ಪಾರ್ಕಿಂಗ್, ಹವಾ ಬಿಡಲಾಗುವುದು’ ಎಂಬ ಬೋರ್ಡು ತೂಗುಹಾಕುವುದು. ರಸ್ತೆ ಪಾಲಿಕೆಯದು. ಗಾಡಿ ಎಲ್ಲಿ ನಿಲ್ಲಬೇಕೆಂದು ಗೊತ್ತುಮಾಡುವ ಅಧಿಕಾರ 1988ರ ಮೋಟಾರು ವಾಹನ ಕಾಯಿದೆಯ 117ನೇ ಕಲಮಿನಂತೆ ಸರ್ಕಾರಕ್ಕೆ ಅಥವಾ ಅದು ನೇಮಿಸಿದ ಅಧಿಕಾರಿಗೆ ಇದೆ, ಸ್ಥಳೀಯ ಸಂಸ್ಥೆಯನ್ನು ಕೇಳಿಕೊಂಡು. ಮನೆಯವರು ಹಾಕಿದ ಬೋರ್ಡಿಗೆ ಕಾನೂನಿನ ಬಲವಿಲ್ಲ. ಬೇರೆಯವರ ಚಕ್ರದ ಗಾಳಿ ಬಿಟ್ಟರೆ ತಪ್ಪು ಬಿಟ್ಟವರದ್ದೇ ಆಗುತ್ತದೆ.

ಆದರೆ ಮನೆಯವರಿಗೆ ಏನೂ ರಕ್ಷಣೆ ಇಲ್ಲವೆಂದಲ್ಲ. 2017ರ ಮೋಟಾರು ವಾಹನ ಚಾಲನಾ ನಿಬಂಧನೆಗಳ ಪ್ರಕಾರ ಯಾವುದೇ ಆಸ್ತಿಯ ಒಳಬರುವ, ಹೊರಹೋಗುವ ಬಾಗಿಲಿಗೆ ಅಡ್ಡವಾಗಿ ಗಾಡಿ ನಿಲ್ಲಿಸುವಂತಿಲ್ಲ. ಫುಟ್‌ಪಾತಿನ ಮೇಲೆ ಸಲ್ಲದು, ನಿಂತ ಗಾಡಿಯ ಪಕ್ಕದಲ್ಲಿ ಇನ್ನೊಂದು ಸಾಲು ಮಾಡಿ ನಿಲ್ಲಿಸುವುದೂ ಸಲ್ಲದು. ಗೇಟಿನ ಅಗಲದಷ್ಟು ನಿಮ್ಮ ಹಕ್ಕು, ಕಂಪೌಂಡ್ ಗೋಡೆಯುದ್ದಕ್ಕೂ ಅಲ್ಲ. ಗೇಟಿಗೆ ಅಡ್ಡ ನಿಂತಿದ್ದರೆ ಫೋಟೋ ತೆಗೆದು ಸಂಚಾರ ಪೊಲೀಸರಿಗೆ ತಿಳಿಸಬೇಕು. ನಿಷೇಧಿತ ಜಾಗದಲ್ಲಿ ನಿಂತ ಗಾಡಿಯನ್ನು ಎತ್ತಿಸುವ ಅಧಿಕಾರ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗಿದೆ, ಎತ್ತಿದ ಖರ್ಚೂ ಗಾಡಿಯವರದೇ. 2019ರ ತಿದ್ದುಪಡಿಯ ನಂತರ ಕಾಯಿದೆಯ ಸಾಮಾನ್ಯ ದಂಡ ಮೊದಲ ಸಲಕ್ಕೆ 500 ರೂಪಾಯಿ, ಮತ್ತೆ ಮಾಡಿದರೆ 1,500. ಟೋಯಿಂಗ್ ಗಾಡಿಯ ಹುಡುಗರು ಮಾತ್ರ ಬಂದು, ಜೊತೆಗೆ ಪೊಲೀಸರು ಇಲ್ಲದಿದ್ದರೆ ಪ್ರಶ್ನೆ ಕೇಳುವ ಹಕ್ಕು ನಿಮಗಿದೆ. ಸಮಾಧಾನದಿಂದ ಕೇಳಿ.

ಗಡಿಯವರಿಗೆ ಇನ್ನೊಂದು ತೊಡಕು. ಎಂಎಚ್ 13ರ ಪಕ್ಕದಲ್ಲಿ ವಿಜಯಪುರದ ಕೆಎ 28, ಕಲಬುರಗಿಯ ಕೆಎ 32 ಗಾಡಿಗಳು ನಮ್ಮ ಬೀದಿಗಳಲ್ಲಿ ದಿನವೂ ನಿಲ್ಲುತ್ತವೆ. ಪ್ರಮಾಣಪತ್ರದ ನಿಯಮ ಮಹಾರಾಷ್ಟ್ರದಲ್ಲಿ ಮಾತ್ರ ಬಂದರೆ ‘ಅಣ್ಣನ ವಿಳಾಸದಲ್ಲಿ ವಿಜಯಪುರದಲ್ಲೇ ಪಾಸಿಂಗ್ ಮಾಡಿಸೋಣ’ ಎಂಬ ಯೋಚನೆ ಬರದೇ ಇರದು. ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗೂ ಹೆಚ್ಚು ಕಾಲ ಇದ್ದರೆ ಇಲ್ಲಿನ ನೋಂದಣಿ ಬೇಕು ಎಂದು ಕಾಯಿದೆಯ 47ನೇ ಕಲಮು ಹೇಳುತ್ತದೆ. ಆ ದಾರಿ ಹಿಡಿದರೆ ತೆರಿಗೆಯೂ ಎರಡು ಕಡೆಯ ರಗಳೆಯಾಗುತ್ತದೆ.

ನಿಯಮ ಬಂದರೆ ನಿಜವಾದ ಪೆಟ್ಟು ಬೀಳುವುದು ಪೇಠಗಳ ಹಳೆಯ ಮನೆಗಳಿಗೆ. ಚಾಟಿ ಗಲ್ಲಿಯ ಸುತ್ತಮುತ್ತ ಗೋಡೆಗೆ ಗೋಡೆ ತಾಗಿದ ವಾಡೆಗಳಿವೆ, ಅಂಗಳಕ್ಕೆ ಸ್ಕೂಟರ್ ಹೋಗುವುದೇ ಕಷ್ಟ. ಪಾರ್ಕಿಂಗ್ ನಿಯಮಗಳೇ ಇಲ್ಲದ ಕಾಲದಲ್ಲಿ ಕಟ್ಟಿದ ಮನೆಗಳವು. ಅಂಥವರಿಗೆ ಪಾಲಿಕೆ ಹತ್ತಿರದಲ್ಲಿ ತಿಂಗಳ ಬಾಡಿಗೆಯ ಜಾಗ ಕೊಡದೆ ಪ್ರಮಾಣಪತ್ರ ಕೇಳುವುದು ಅನ್ಯಾಯ. ಇದನ್ನು ಹೇಳಲು ದಾರಿಯೂ ಇದೆ: ಮೋಟಾರು ವಾಹನ ಕಾಯಿದೆಯಡಿ ರಾಜ್ಯ ಸರ್ಕಾರ ನಿಯಮ ಮಾಡುವ ಮುಂಚೆ ಕರಡು ಪ್ರಕಟಿಸಿ ಆಕ್ಷೇಪಣೆಗೆ ಅವಕಾಶ ಕೊಡಬೇಕು. ಕರಡು ಹೊರಬಂದಾಗ ರಾಜಪತ್ರದ ಮರಾಠಿ ಓದಲು ತೊಡಕಾಗುವ ಹಿರಿಯರಿಗೆ ಮನೆಯ ಮಕ್ಕಳು ಓದಿ ಹೇಳಿ, ಗಡುವಿನೊಳಗೆ ಅವರ ಹೆಸರಿನಲ್ಲಿ ಅರ್ಜಿ ಹಾಕಿಸಲಿ. ಅಷ್ಟರೊಳಗೆ ಫ್ಲ್ಯಾಟಿನವರು ಮಂಜೂರಾದ ನಕಾಶೆಯ ಪ್ರತಿ, ಕರಾರುಪತ್ರ, ಸೊಸೈಟಿಯ ಹಂಚಿಕೆಯ ಠರಾವು, ಈ ಮೂರನ್ನೂ ಒಂದು ಫೈಲಿಗೆ ಹಾಕಿಟ್ಟುಕೊಂಡಿರಲಿ. ಠರಾವು ಇಲ್ಲದಿದ್ದರೆ ಮುಂದಿನ ಸರ್ವಸಾಧಾರಣ ಸಭೆಯ ವಿಷಯಪಟ್ಟಿಗೆ ಸೇರಿಸಲು ಸೆಕ್ರೆಟರಿಯವರಿಗೆ ಬರೆದು ಕೊಡಬಹುದು.